ಅವ್ವನ ಕೊರಳಿನ ಗುಲಾಬಿ ಸ್ಫಟಿಕ

ನಮ್ಮ ಮನೆತನಕ್ಕೆ ರತ್ನಗಳ ನಂಟಿಲ್ಲ. ತಾರಿಹಾಳದ ಒಕ್ಕಲುತನದ ಮನೆ ನಮ್ಮದು. ಎದೆಯ ಮೇಲೆ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಬೆಳೆ ಚೆನ್ನಾಗಿ ಬಂದ ವರ್ಷ ಪತ್ತಾರರಲ್ಲಿ ಮಾಡಿಸಿದ ನಾಲ್ಕಾರು ತೊಲೆ ಬಂಗಾರ, ಇಷ್ಟರಲ್ಲಿಯೇ ನಮ್ಮ ಹಿರಿಯರ ಬಾಳು ತೃಪ್ತಿಯಿಂದ ಸಾಗಿತು. ನೀಲ, ಪುಷ್ಯರಾಗ, ಗೋಮೇಧಿಕಗಳ ಹೆಸರನ್ನು ನಾವು ಕಂಡದ್ದು ಪಂಚಾಂಗದ ಪುಟಗಳಲ್ಲಿ ಮಾತ್ರ. ಅಂಥ ಮನೆಗೆ ಹೋದ ವರ್ಷದ ಶ್ರಾವಣ ಮಾಸದಲ್ಲಿ ಗುಲಾಬಿ ಬಣ್ಣದ ಕಲ್ಲಿನ ಸರವೊಂದು ಬಂದಿತು. ಅದು ತಂದ ಸಂತೋಷ, ಅದರಿಂದ ನಾವು ಪಟ್ಟ ಗಾಬರಿ, ಕೊನೆಗೆ ಕಲಿತುಕೊಂಡ ಪಾಠ ಇವನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿತು. ಇಲ್ಲಿ 'ನಾವು' ಎಂದರೆ ಗಂಡಹೆಂಡಿರಿಬ್ಬರೂ. ಆದದ್ದರಲ್ಲಿ ತಪ್ಪು ಇಬ್ಬರದೂ ಇರುವುದರಿಂದ ಬರಹವೂ ಇಬ್ಬರ ಹೆಸರಿನಲ್ಲಿಯೇ ಇರಲಿ.

ಸರವನ್ನು ತಂದವಳು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಮಗಳು. ತಂದದ್ದು ತನ್ನ ಅಜ್ಜಿಗಾಗಿ, ಎಂದರೆ ನಮ್ಮ ಅವ್ವನಿಗಾಗಿ. ಅಪ್ಪ ಲಿಂಗೈಕ್ಯರಾಗಿ ಆಗ ಎರಡು ವರ್ಷ ತುಂಬಿದ್ದವು. ಐವತ್ತೆರಡು ವರ್ಷ ಜೊತೆಗಿದ್ದ ಜೀವ ಅಗಲಿದ ಮೇಲೆ ಅವ್ವ ಮಾತು ಕಡಿಮೆ ಮಾಡಿದ್ದಳು. ಬಣ್ಣದ ಸೀರೆಗಳನ್ನು ಟ್ರಂಕಿನ ತಳಕ್ಕೆ ಸೇರಿಸಿ ಬೂದು ಬಣ್ಣದ ಎರಡು ಸೀರೆಗಳನ್ನೇ ಮಡಿಸಿ ಮಡಿಸಿ ಉಡುತ್ತಿದ್ದಳು. ಹಾಗೆ ಮಾಡೆಂದು ನಾವು ಹೇಳಿರಲಿಲ್ಲ, ಮಾಡಬೇಡವೆಂದೂ ಹೇಳಿರಲಿಲ್ಲ. ಮೊಮ್ಮಗಳು ಮಾತ್ರ ಸುಮ್ಮನಿರಲಾರದೆ ಈ ಸರವನ್ನು ಕೊಂಡು ತಂದಿದ್ದಳು. ಹತ್ತಿಯ ಮೇಲೆ ಸುತ್ತಿಟ್ಟ ಸರದ ಜೊತೆಗೆ ಅಚ್ಚು ಮಾಡಿದ ಚೀಟಿಯೂ ಇತ್ತು. ಇದು ಪ್ರೀತಿಯ ಕಲ್ಲು, ಅಗಲಿಕೆಯ ದುಃಖವನ್ನು ಹೀರುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ರಕ್ತದ ಓಟವನ್ನು ಸರಿಪಡಿಸುತ್ತದೆ ಎಂದು ಅದರಲ್ಲಿ ಬರೆದಿತ್ತು.

ಅವ್ವ ಸರವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಕೊರಳಾಗ ಲಿಂಗ ಐತಿ. ಮತ್ತೊಂದು ಕಲ್ಲು ಯಾಕ ಬೇಕ ತಂಗೀ? ಅದೂ ಈ ಬಣ್ಣದ್ದು, ನನ್ನಂಥಾಕಿಗೆ?" ಎಂದಳು.

"ಲಿಂಗ ಲಿಂಗದ ಜಾಗಾದಾಗ ಇರ್ಲಿ ಅಮ್ಮಾ. ಇದು ನಾ ಕೊಟ್ಟಿದ್ದು" ಎಂದಳು ಮಗಳು.

ಆಗ ಅಲ್ಲಿಯೇ ಕುಳಿತಿದ್ದ ಓಣಿಯ ಹಿರಿಯ ಹೆಣ್ಣುಮಗಳೊಬ್ಬಳು "ಬಣ್ಣದ ಸರ ಈಗ ಹಾಕ್ಕೊಂಡ್ರ ನಾಕ ಮಂದಿ ಏನಂದಾರು" ಎಂದು ಮೆಲ್ಲಗೆ ಹೇಳಿದಳು. ನಾವು ಏನೂ ಹೇಳಲಿಲ್ಲ. ಸರ ಮತ್ತೆ ಹತ್ತಿಯೊಳಗೆ ಸೇರಿತು. ನಮ್ಮ ಮೊದಲ ತಪ್ಪು ಆ ಮೌನ.

ಮಗಳು ಬೆಂಗಳೂರಿಗೆ ಮರಳಿದ ಮೇಲೆ ಒಂದು ಮುಂಜಾನೆ ಅವ್ವನ ಸೆರಗಿನ ಒಳಗೆ ಗುಲಾಬಿ ಮಣಿಗಳು ಕಂಡವು. ಕೇಳಿದ್ದಕ್ಕೆ, "ಎದಿಗೆ ಚಲೋ ಅಂತ ಚೀಟಿಯೊಳಗ ಬರದೈತಲ್ಲ" ಎಂದಷ್ಟೇ ಹೇಳಿದಳು. ನಮಗೆ ಸಂತೋಷವೇ ಆಯಿತು. ಅಂದವೆಂದು ಹಾಕಿಕೊಳ್ಳಲು ಸಂಕೋಚ, ಔಷಧವೆಂದಾದರೆ ಸಂಕೋಚವಿಲ್ಲ. ಹೇಗಾದರೂ ಹಾಕಿಕೊಂಡಳಲ್ಲ ಎಂದು ಸಮಾಧಾನಪಟ್ಟೆವು. ಆ ಸಮಾಧಾನದ ಬೆಲೆ ಎಷ್ಟೆಂಬುದು ಆರು ವಾರಗಳ ಬಳಿಕ ತಿಳಿಯಿತು.

ಒಂದು ದಿನ ಬೆಳಗಿನ ಲಿಂಗಪೂಜೆ ಮುಗಿಸಿ ಏಳುವಾಗ ಅವ್ವ ಗೋಡೆ ಹಿಡಿದು ಅಲ್ಲಿಯೇ ಕುಸಿದಳು. ತಲೆಯ ಹಿಂಭಾಗ ಸಿಡಿಯುತ್ತಿದೆ ಎಂದಳು. ರಿಕ್ಷಾದಲ್ಲಿ ಹುಬ್ಬಳ್ಳಿಗೆ ಕರೆದೊಯ್ದೆವು. ಪರೀಕ್ಷಿಸಿದ ವೈದ್ಯರು ರಕ್ತದ ಒತ್ತಡ 190ರ ಮೇಲೆ 110 ಇದೆಯೆಂದು ಹೇಳಿ, "ಗುಳಿಗಿ ತಪ್ಪಿಸೀರೇನು ಅವ್ವಾರ?" ಎಂದು ಕೇಳಿದರು. ಅವ್ವ ತಲೆ ತಗ್ಗಿಸಿದಳು. ಮನೆಗೆ ಬಂದು ನೋಡಿದರೆ ಸಕ್ಕರೆ ಡಬ್ಬಿಯ ಹಿಂದೆ ಒಂದು ತಿಂಗಳಿಗೂ ಮಿಕ್ಕ ಗುಳಿಗೆಗಳು ಹಾಗೆಯೇ ಇದ್ದವು. ಕಲ್ಲು ಎದೆಯನ್ನು ನೋಡಿಕೊಳ್ಳುತ್ತದೆ ಎಂದ ಮೇಲೆ ಮಗನಿಗೆ ಪ್ರತಿ ತಿಂಗಳು ಔಷಧದ ಖರ್ಚು ಏಕೆ ಎಂಬುದು ಆಕೆಯ ಲೆಕ್ಕಾಚಾರ. ದೇವರ ದಯೆಯಿಂದ ಪಾರ್ಶ್ವವಾಯುವಿನಂಥ ಅನಾಹುತ ಆಗಲಿಲ್ಲ. ರಕ್ತದ ಒತ್ತಡವು ಬಹುಮಟ್ಟಿಗೆ ಸದ್ದಿಲ್ಲದ ರೋಗ. ಗುಳಿಗೆ ಬಿಟ್ಟ ಮರುದಿನವೇ ನೋವು ಕಾಣಿಸುವುದಿಲ್ಲ. ಆದ್ದರಿಂದಲೇ ಕಲ್ಲಿನಿಂದ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಒಳಗೆ ಮಾತ್ರ ಮಿದುಳು, ಹೃದಯ, ಮೂತ್ರಪಿಂಡಗಳು ಸವೆಯುತ್ತಿರುತ್ತವೆ.

ಸುದ್ದಿ ತಿಳಿದ ಮಗಳು ಅಳುತ್ತ ರಾತ್ರಿಯ ಬಸ್ಸು ಹಿಡಿದು ಬಂದಳು. ಸರವನ್ನು ಎಸೆದುಬಿಡೋಣವೆಂದಳು. ಕಲ್ಲಿನ ಮೇಲೆ ಸಿಟ್ಟು ಮಾಡುವ ಮೊದಲು ಅದು ಏನೆಂಬುದನ್ನಾದರೂ ತಿಳಿದುಕೊಳ್ಳೋಣವೆಂದು ನಿಶ್ಚಯಿಸಿ, ಹುಬ್ಬಳ್ಳಿಯ ದುರ್ಗದ ಬೈಲಿನ ಕಡೆ ಅಂಗಡಿ ಇಟ್ಟಿರುವ ಪರಿಚಯದ ಪತ್ತಾರರಲ್ಲಿಗೆ ಹೋದೆವು. ಅವರ ಅಂಗಡಿಯಲ್ಲಿ ಅಂದು ಭೂವಿಜ್ಞಾನ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ಕುಳಿತಿದ್ದುದು ನಮ್ಮ ಪುಣ್ಯ. ಅವರಿಬ್ಬರೂ ಸೇರಿ ನಮಗೆ ಒಂದು ಗಂಟೆಯ ಪಾಠವನ್ನೇ ಮಾಡಿದರು.

ಈ ಕಲ್ಲಿಗೆ ವ್ಯಾಪಾರದಲ್ಲಿ ರೋಜ್ ಕ್ವಾರ್ಟ್ಸ್ ಎಂದು ಹೆಸರು. ಕನ್ನಡದಲ್ಲಿ ಗುಲಾಬಿ ಸ್ಫಟಿಕವೆನ್ನಬಹುದು. ಹೆಸರು ಹೊಸದಾಗಿ ಕೇಳಿದರೂ ಇದರ ಕುಲದವರು ನಮಗೆ ಹೊಸಬರಲ್ಲ. ಮಸಾರಿ ಹೊಲಗಳಲ್ಲಿ ರಂಟೆ ಹೊಡೆಯುವಾಗ ಮೇಲೇಳುವ ಬಿಳಿಯ ಬೆಣಚುಕಲ್ಲು ಕ್ವಾರ್ಟ್ಸೇ. ಚಿಕ್ಕಂದಿನಲ್ಲಿ ಕತ್ತಲೆ ಕೋಣೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿ ಮಿಣುಕು ಬೆಳಕನ್ನು ಕಂಡು ಬೆರಗಾದ ನೆನಪು ನಮ್ಮಂತೆ ಅನೇಕ ಓದುಗರಿಗೂ ಇದ್ದೀತು. ಸಿಲಿಕಾನ್ ಮತ್ತು ಆಮ್ಲಜನಕ ಎಂಬ ಎರಡೇ ಮೂಲವಸ್ತುಗಳಿಂದ ಆದದ್ದು ಈ ಖನಿಜ. ನಿರ್ಮಲವಾಗಿದ್ದರೆ ಹಳಗನ್ನಡದ ಕವಿಗಳು ಪಳಿಕು ಎಂದು ಕರೆದ ಸ್ಫಟಿಕ; ನೇರಳೆಯಾದರೆ ಅಮೆಥಿಸ್ಟ್; ಹಳದಿಯಾದರೆ ಸಿಟ್ರಿನ್; ಗುಲಾಬಿಯಾದರೆ ಅವ್ವನ ಕೊರಳಿನ ಸರ.

ನಮ್ಮ ಧಾರವಾಡದ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಅಮರವಾಗಿದೆ. ದಕ್ಷಿಣ ಭಾರತದ ಅತಿ ಪ್ರಾಚೀನವಾದ ಒಂದು ಶಿಲಾಸಮೂಹಕ್ಕೆ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿಜ್ಞಾನಿ 1880ರ ದಶಕದಲ್ಲಿ ಧಾರವಾಡದ ಹೆಸರನ್ನೇ ಇಟ್ಟರು. ಅವು 250 ಕೋಟಿ ವರ್ಷಗಳಿಗೂ ಹಿಂದಿನವು. ಆ ಶಿಲೆಗಳ ಬಿರುಕುಗಳಲ್ಲಿ ನರಗಳಂತೆ ಹರಿದಿರುವ ಬೆಣಚುಕಲ್ಲಿನಲ್ಲಿಯೇ ಹಟ್ಟಿಯ ಬಂಗಾರ ಸಿಗುತ್ತದೆ. ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿ ಹಿಂದೆ ಬಂಗಾರವನ್ನು ಹುಡುಕಿದ್ದೂ ಅದರಲ್ಲಿಯೇ. ಗುಲಾಬಿ ಸ್ಫಟಿಕ ಮಾತ್ರ ಹೆಚ್ಚಾಗಿ ದೊರೆಯುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಗಳ ನಡುವೆ. ಬ್ರೆಜಿಲ್, ಮಡಗಾಸ್ಕರ್ ದೇಶಗಳು ಇದಕ್ಕೆ ಪ್ರಸಿದ್ಧ, ಭಾರತದಲ್ಲಿಯೂ ಸಿಗುತ್ತದೆ. ಅಮೆರಿಕದ ದಕ್ಷಿಣ ಡಕೋಟ ರಾಜ್ಯವು 1966ರಲ್ಲಿ ಇದನ್ನು ತನ್ನ ರಾಜ್ಯ ಖನಿಜವೆಂದು ಸಾರಿತು. ಹೇರಳವಾಗಿ ಸಿಗುವುದರಿಂದ ಇದು ವಜ್ರ ಮಾಣಿಕ್ಯಗಳಂತೆ ದುಬಾರಿಯಲ್ಲ, ನವರತ್ನಗಳಲ್ಲಿಯೂ ಸೇರಿಲ್ಲ. ಮಗಳು ತೆತ್ತ ಹಣವನ್ನು ಕೇಳಿ ಪತ್ತಾರರು ನಕ್ಕು, "ಕಲ್ಲಿಗೆ ಅರ್ಧ, ಚೀಟಿಗೆ ಅರ್ಧ ಕೊಟ್ಟೀಯವ್ವಾ" ಎಂದರು.

ಈ ಬಣ್ಣ ಎಲ್ಲಿಂದ ಬರುತ್ತದೆ ಎಂದು ಕೇಳಿದೆವು. ಬಹುಕಾಲ ಟೈಟಾನಿಯಂ ಧಾತುವಿನ ಅಂಶವೇ ಕಾರಣವೆಂದು ನಂಬಿದ್ದರಂತೆ. 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಗಟ್ಟಿ ರೂಪದ ಗುಲಾಬಿ ಸ್ಫಟಿಕದ ಒಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗುಲಾಬಿ ನಾರುಗಳಿವೆ, ಅವು ಡ್ಯುಮಾರ್ಟಿಯರೈಟ್ ಎಂಬ ಬೇರೊಂದು ಖನಿಜವನ್ನು ಹೋಲುತ್ತವೆ ಎಂದು ತೋರಿಸಿತು. ಕಲ್ಲು ಹಾಲು ಬೆರೆಸಿದಂತೆ ಮಬ್ಬಾಗಿ ಕಾಣುವುದಕ್ಕೂ ಆ ನಾರುಗಳೇ ಕಾರಣ. ಗುಂಡಗೆ ಉಜ್ಜಿದ ಕೆಲವು ತುಂಡುಗಳನ್ನು ಒಂಟಿ ದೀಪದ ಮುಂದೆ ಹಿಡಿದರೆ ಆರು ಕಿರಣಗಳ ನಕ್ಷತ್ರವೂ ಮೂಡುತ್ತದೆ.

ಸರ ನಿಜವಾದದ್ದೋ ಗಾಜಿನದೋ ಎಂಬ ಪರೀಕ್ಷೆ ನಮಗೆ ಬಹಳ ಹಿಡಿಸಿತು. ಮೊದಲು ಮಣಿಯನ್ನು ಕೆನ್ನೆಗೆ ತಾಗಿಸಿ ನೋಡಿದರು. ಸ್ಫಟಿಕವು ಗಾಜಿಗಿಂತ ತಂಪು, ಬೇಗ ಬಿಸಿಯೇರದು. ಬಳಿಕ ಭೂತಗನ್ನಡಿಯಲ್ಲಿ ನೋಡಿದರು. ಗಾಜಿನಲ್ಲಿ ಇರಬಹುದಾದ ದುಂಡನೆಯ ಗಾಳಿಗುಳ್ಳೆಗಳು ಕಾಣಲಿಲ್ಲ. ಮಣಿಯ ತೂತಿನ ಸುತ್ತ ಬಣ್ಣ ಮಡುಗಟ್ಟಿದ್ದರೆ ಅದು ಬಣ್ಣ ಅದ್ದಿದ ಕಲ್ಲು, ಇಲ್ಲಿ ಹಾಗಿರಲಿಲ್ಲ. ಒಂದು ಮಣಿಯನ್ನು ಒಡೆದ ಶೀಷೆಯ ಚೂರಿನ ಮೇಲೆ ಎಳೆದಾಗ ಗಾಜಿನ ಮೇಲೆ ಗೆರೆ ಬಿದ್ದಿತು, ಮಣಿಗೆ ಏನೂ ಆಗಲಿಲ್ಲ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ವಜ್ರ 10, ಕ್ವಾರ್ಟ್ಸ್ 7. ಸಾಮಾನ್ಯ ಗಾಜು ಐದೂವರೆಯ ಆಸುಪಾಸು. ಕೊನೆಗೆ ಮಣಿಗಳನ್ನೆಲ್ಲ ದಾರದಿಂದ ಬಿಡಿಸಿ ತೂಗಿದರು. ಗಾಳಿಯಲ್ಲಿ 53 ಗ್ರಾಂ. ನೀರಿನಲ್ಲಿ ಮುಳುಗಿಸಿ ತೂಗಿದಾಗ 33 ಗ್ರಾಂ. ಕಡಿಮೆಯಾದ 20ರಿಂದ 53ನ್ನು ಭಾಗಿಸಿದರೆ 2.65. ಅದೇ ಕ್ವಾರ್ಟ್ಸಿನ ಸಾಪೇಕ್ಷ ಸಾಂದ್ರತೆ. "ಕಲ್ಲು ಖರೇ ಐತಿ, ಚೀಟಿ ಸುಳ್ಳು" ಎಂದು ಪತ್ತಾರರು ತೀರ್ಪು ಕೊಟ್ಟರು.

ಚೀಟಿಯ ಮಾತುಗಳ ಮೂಲವನ್ನೂ ಹುಡುಕಿದೆವು. ಗರುಡ ಪುರಾಣದ ರತ್ನಪರೀಕ್ಷೆಯಲ್ಲಿ ಬಲಾಸುರನ ದೇಹದ ಒಂದೊಂದು ಭಾಗದಿಂದ ಒಂದೊಂದು ರತ್ನ ಹುಟ್ಟಿದ ಕಥೆಯಿದೆ; ಅವನ ಮೇದಸ್ಸಿನಿಂದ ಆದದ್ದು ಸ್ಫಟಿಕವಂತೆ. ಗ್ರೀಕರು ಸ್ಫಟಿಕವನ್ನು ಎಂದಿಗೂ ಕರಗದಂತೆ ಹೆಪ್ಪುಗಟ್ಟಿದ ಹಿಮವೆಂದು ನಂಬಿದ್ದರು. ಇಂಗ್ಲಿಷಿನ ಕ್ರಿಸ್ಟಲ್ ಎಂಬ ಮಾತಿನ ಮೂಲವೂ ಗ್ರೀಕರ ಹಿಮವೇ. ಪ್ರೇಮದೇವತೆ ಆಫ್ರೊಡೈಟಿಯ ರಕ್ತ ಬಿದ್ದು ಬಿಳಿಯ ಕಲ್ಲು ಗುಲಾಬಿಯಾಯಿತೆಂಬ ಕಥೆಯನ್ನು ಈಗಿನ ಮಾರಾಟಗಾರರು ಹೇಳುತ್ತಾರೆ. ಆದರೆ ಹಳೆಯ ಕಥೆಯಲ್ಲಿ ಆ ದೇವತೆಯ ರಕ್ತದಿಂದ ಕೆಂಪಾದದ್ದು ಗುಲಾಬಿಯ ಹೂವು. ಹೂವಿನ ಕಥೆಯನ್ನು ಕಲ್ಲಿಗೆ ಕಟ್ಟಿ ಹೊಸ ವ್ಯಾಪಾರ ಮಾಡಿದಂತಾಯಿತು. ಕಥೆಗಳು ಕಥೆಗಳಾಗಿ ಸೊಗಸು. ಅವನ್ನು ಔಷಧದ ಡೋಸಿನಂತೆ ಸೇವಿಸಬಾರದು.

ಹಾಗೆಂದು ಈ ಕಲ್ಲಿನ ಕುಲಕ್ಕೆ ಯಾವ ಶಕ್ತಿಯೂ ಇಲ್ಲವೆಂದಲ್ಲ. ಕ್ವಾರ್ಟ್ಸಿನ ಹರಳನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿದರು. ಅದೇ ಗುಣದ ಬಲದಿಂದ ಕೈಗಡಿಯಾರದೊಳಗಿನ ಚಿಕ್ಕ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ ಕಾಲವನ್ನು ಅಳೆಯುತ್ತದೆ. ಅಪ್ಪ ಕೊನೆಯವರೆಗೂ ಕಟ್ಟಿಕೊಂಡಿದ್ದ ಎಚ್.ಎಂ.ಟಿ. ಕ್ವಾರ್ಟ್ಸ್ ಗಡಿಯಾರ ಇಂದಿಗೂ ನಮ್ಮ ಮನೆಯಲ್ಲಿದೆ. ಈ ಮಾತನ್ನು ಹೇಳಿದಾಗ ಅವ್ವ, "ಹಂಗಾದ್ರ ಅವರ ಮುಂಗೈ ಮ್ಯಾಲಿದ್ದಿದ್ದೂ ನನ್ನ ಕೊರಳಾಗಿದ್ದಿದ್ದೂ ಒಂದ ಕಲ್ಲೇನು?" ಎಂದು ಕೇಳಿದಳು. ಹೌದೆಂದೆವು. ಅವಳ ಮುಖದಲ್ಲಿ ಎರಡು ವರ್ಷಗಳಲ್ಲಿ ಕಾಣದಿದ್ದ ಬೆಳಕೊಂದು ಕಂಡಿತು. ಆ ಬೆಳಕನ್ನು ಯಾವ ಚೀಟಿಯೂ ಕೊಟ್ಟಿರಲಿಲ್ಲ.

ಇನ್ನೊಂದು ಸಂಗತಿಯನ್ನು ಆ ಹಿರಿಯರು ಭಾರವಾದ ದನಿಯಲ್ಲಿ ಹೇಳಿದರು. ಎದೆಗೆ ಒಳ್ಳೆಯದೆಂದು ನಾವು ಧರಿಸುವ ಈ ಕಲ್ಲನ್ನು ಕೊರೆದು ಉಜ್ಜುವವರ ಎದೆಯನ್ನು ಇದರ ಧೂಳು ತಿನ್ನುತ್ತದೆ. ಸಿಲಿಕಾದ ಸೂಕ್ಷ್ಮ ಧೂಳು ಪುಪ್ಫುಸಗಳಲ್ಲಿ ಕುಳಿತು ಅವನ್ನು ಗಟ್ಟಿಯಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ತಡೆಯಬಹುದು; ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿಯೇ ಇದನ್ನು ಗುರುತಿಸಿದ್ದರು. ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲಿನ ಮಣಿಗಳನ್ನು ಉಜ್ಜುವ ಬಡ ಕುಟುಂಬಗಳನ್ನು ಇದು ಇಂದಿಗೂ ಕಾಡುತ್ತಿದೆ. ಕಲ್ಲಿಗೆ ನೀರು ಹರಿಸುತ್ತ ಕೊರೆಯುವುದು, ಧೂಳನ್ನು ಹೀರುವ ಯಂತ್ರ, ತಕ್ಕ ಮುಖಕವಚ ಇವಿಷ್ಟಿದ್ದರೆ ಬಹಳ ಜೀವಗಳು ಉಳಿಯುತ್ತವೆ. ತಾರಿಹಾಳದ ಕೈಗಾರಿಕಾ ವಸಾಹತಿನ ನೆರಳಿನಲ್ಲಿ ಬದುಕುವ ನಮಗೆ ಇದು ದೂರದ ಮಾತೆನಿಸಲಿಲ್ಲ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವಲ್ಲಿ, ಕಲ್ಲು ಪುಡಿ ಮಾಡುವಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಇದನ್ನು ಲಕ್ಷ್ಯದಲ್ಲಿಡಬೇಕು. ಕಾಯಕವೇ ಕೈಲಾಸವೆಂದು ನಂಬಿದ ಸಮಾಜವು ಕಾಯಕ ಮಾಡುವ ಕಾಯದ ಕಾಳಜಿಯನ್ನೂ ಮಾಡಬೇಕಲ್ಲವೆ?

ಇಂಥ ಸರ ಇರುವ ಮನೆಯವರ ಉಪಯೋಗಕ್ಕೆಂದು ಅದರ ಜೋಪಾನದ ಕ್ರಮವನ್ನೂ ಬರೆಯುತ್ತೇವೆ. ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಸಾಬೂನು ಕಲಸಿ, ಮೆತ್ತನೆಯ ಬ್ರಶ್ಶಿನಿಂದ ಮೃದುವಾಗಿ ತೊಳೆದು, ಹತ್ತಿಯ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು. ಬಹುಕಾಲ ಬಿಸಿಲಿನಲ್ಲಿಟ್ಟರೆ ಕೆಲವು ಕಲ್ಲುಗಳ ಬಣ್ಣ ಮಸಕಾಗುತ್ತದೆ. ಒಲೆಯ ಬಿಸಿಯಿಂದ ಥಟ್ಟನೆ ತಣ್ಣೀರಿಗೆ ಹಾಕಿದರೆ ಬಿರುಕು ಬಿಡಬಹುದು. ಬಚ್ಚಲು ತೊಳೆಯುವ ತೀಕ್ಷ್ಣ ದ್ರಾವಣಗಳನ್ನು ಹತ್ತಿರ ತರಬಾರದು. ಮುತ್ತು, ಹವಳ, ಬಂಗಾರದ ಒಡವೆಗಳೊಡನೆ ಒಂದೇ ಡಬ್ಬಿಯಲ್ಲಿಡಬಾರದು. ಸ್ಫಟಿಕವು ಅವಕ್ಕಿಂತ ಗಟ್ಟಿಯಾದುದರಿಂದ ಗೀರು ಬೀಳುತ್ತದೆ. ಹಾಗೆಯೇ ನೀಲ ಮಾಣಿಕ್ಯಗಳು ಇದನ್ನು ಗೀರುತ್ತವೆ. ಸ್ನಾನಕ್ಕೂ ವಿಭೂತಿಧಾರಣೆಗೂ ಮೊದಲು ತೆಗೆದಿಟ್ಟರೆ ಒಳ್ಳೆಯದು. ನೀರಿನಿಂದ ದಾರ ಕೊಳೆಯುತ್ತದೆ, ವಿಭೂತಿಯ ಪುಡಿ ಮಣಿಗಳ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಒಂದೆರಡು ವರ್ಷಕ್ಕೊಮ್ಮೆ ರೇಶ್ಮೆ ದಾರ ಬದಲಿಸಿ ಮಣಿಗೊಂದು ಗಂಟು ಹಾಕಿಸಬೇಕು. ದಾರ ಹರಿದರೂ ಮಣಿಗಳೆಲ್ಲ ಚೆಲ್ಲುವುದಿಲ್ಲ. ಶಕ್ತಿ ತುಂಬಲೆಂದು ಉಪ್ಪುನೀರಿನಲ್ಲಿ ನೆನೆಯಿಡುವ ರೂಢಿ ಹೊಸದಾಗಿ ಬಂದಿದೆ. ಅದರಿಂದ ದಾರವೂ ಬೆಳ್ಳಿಯ ಕೊಂಡಿಯೂ ಕೆಡುವುದು ನಿಶ್ಚಿತ. ಹುಣ್ಣಿಮೆಯ ಬೆಳದಿಂಗಳಲ್ಲಿ ಇಡುವುದರಿಂದ ಮಾತ್ರ ಹಾನಿಯೇನೂ ಇಲ್ಲ, ಕಳ್ಳರ ಭಯವೊಂದನ್ನು ಬಿಟ್ಟರೆ!

ಅಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂಡಿ ಮಾತನಾಡಿದೆವು. ಮೊದಲು ಗುಳಿಗೆಯ ವಿಷಯ. ಅದನ್ನು ಬಿಡುವುದಿಲ್ಲವೆಂದು ಅವ್ವ ಮೊಮ್ಮಗಳ ಕೈ ಮುಟ್ಟಿ ಮಾತು ಕೊಟ್ಟಳು. ಅವಳ ಔಷಧದ ಖರ್ಚು ನಮಗೆ ಭಾರವಲ್ಲವೆಂಬ ಮಾತನ್ನು ನಾವು ಎಂದೋ ಹೇಳಬೇಕಾಗಿತ್ತು, ಅಂದು ಹೇಳಿದೆವು. ಮಕ್ಕಳು ಹೇಳದಿದ್ದರೆ ಹಿರಿಯರು ತಮ್ಮನ್ನು ತಾವೇ ಹೊರೆಯೆಂದು ಎಣಿಸಿಕೊಳ್ಳುತ್ತಾರೆ ಎಂಬುದು ನಮ್ಮ ಅನುಭವಕ್ಕೆ ಬಂದಿತು.

ಎರಡನೆಯದು ಸರದ ವಿಷಯ. ಅವ್ವ ಅದನ್ನು ತೆಗೆದು ಮೊಮ್ಮಗಳ ಮುಂದೆ ಇಟ್ಟಳು. "ಔಷಧ ಅಲ್ಲಂದ ಮ್ಯಾಲೆ ನಾ ಯಾಕ ಹಾಕ್ಕೊಳ್ಳಲಿ?" ಎಂದಳು. ಶ್ರಾವಣದಲ್ಲಿ ಮೌನವಾಗಿದ್ದ ನಾವು ಈ ಸಲ ಸುಮ್ಮನಿರಲಿಲ್ಲ. ಹುಟ್ಟು ಸಾವುಗಳ ಸೂತಕ ಲಿಂಗವಂತರಿಗಿಲ್ಲವೆಂದು ಶರಣರು ಸಾರಿ ಎಂಟು ಶತಮಾನಗಳು ಕಳೆದವು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಉಡಕಿಯ ಮೂಲಕ ಮತ್ತೆ ಸಂಸಾರ ಕಟ್ಟಿಕೊಳ್ಳಲು ಅವಕಾಶವಿತ್ತ ಸಮಾಜ ನಮ್ಮದು. ಸದಾ ಎದೆಯ ಮೇಲೆ ಲಿಂಗವಿರುವಾಕೆಯನ್ನು ಅಮಂಗಳೆ ಎನ್ನುವುದಾದರೂ ಹೇಗೆ? ಆದರೂ ಬಣ್ಣದ ಸೀರೆ ಬೇಡ, ಹೂವು ಬೇಡ, ಶುಭಕಾರ್ಯದಲ್ಲಿ ಮುಂದೆ ನಿಲ್ಲುವುದು ಬೇಡ ಎಂಬ ಕಟ್ಟಳೆಗಳು ನಮ್ಮ ಓಣಿಗಳಲ್ಲಿ ಹೇಗೋ ನುಸುಳಿ ಕುಳಿತಿವೆ. ಮಂದಿ ಅವನ್ನು ಹೇಳುವುದಕ್ಕಿಂತ ಮನೆಯವರು ಸುಮ್ಮನಿರುವುದರಿಂದಲೇ ಅವು ಉಳಿದಿವೆ. ಇಷ್ಟನ್ನೂ ಅವ್ವನಿಗೆ ತಿಳಿಯುವಂತೆ ಹೇಳಿ, "ಔಷಧಂತ ಹಾಕ್ಕೋಬ್ಯಾಡ. ಮೊಮ್ಮಗಳು ಕೊಟ್ಟಾಳಂತ ಹಾಕ್ಕೋ. ನಿನಗ ಛಂದ ಕಾಣತೈತಿ, ಅದಕ್ಕ ಹಾಕ್ಕೋ" ಎಂದೆವು.

ಅವ್ವ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಮಲಗಿದಳು.

ಬಸವಣ್ಣನವರು ಒಳ್ಳೆಯ ಮಾತು ಹೇಗಿರಬೇಕೆಂದು ತಿಳಿಸುವಾಗ ಮುತ್ತು, ಮಾಣಿಕ್ಯಗಳ ಜೊತೆಗೆ ಸ್ಫಟಿಕವನ್ನೂ ನೆನೆದ ವಚನ ನಮ್ಮೆಲ್ಲರಿಗೂ ಬಾಯಿಪಾಠ. ಅದನ್ನು ಎಷ್ಟೋ ಸಲ ಹೇಳಿದ್ದೇವೆ, ಮಕ್ಕಳಿಗೂ ಹೇಳಿಸಿದ್ದೇವೆ. ಮಾತು ಸ್ಫಟಿಕದಂತಿರಬೇಕಾದರೆ ಮೊದಲು ಮಾತು ಇರಬೇಕು ಎಂಬುದು ನಮಗೆ ಹೊಳೆದದ್ದು ಆ ರಾತ್ರಿ. ಅವ್ವನ ದುಃಖವನ್ನು ಕೇಳದೆ ಸುಮ್ಮನಿದ್ದೆವು. ಆ ಬರಿದಾದ ಜಾಗದಲ್ಲಿ ಯಾರೋ ಅಚ್ಚು ಮಾಡಿದ ಚೀಟಿಯೊಂದು ಬಂದು ಮಾತನಾಡಿತು. ಅವಳು ಅದನ್ನು ನಂಬಿದಳು. ತಪ್ಪು ಅವಳದೆನ್ನಲು ನಮಗೆ ಬಾಯಿಲ್ಲ.

ಮರುದಿನ ಸೋಮವಾರ. ಬೆಳಗಿನ ಪೂಜೆ ಮುಗಿಸಿ ಅವ್ವ ಹೊರಗೆ ಬಂದಾಗ ಟ್ರಂಕಿನ ತಳದಲ್ಲಿದ್ದ ಹಸಿರು ಅಂಚಿನ ಇಳಕಲ್ಲ ಸೀರೆಯನ್ನು ಉಟ್ಟಿದ್ದಳು. ಗುಲಾಬಿ ಮಣಿಗಳು ಈ ಸಲ ಸೆರಗಿನ ಒಳಗಿರಲಿಲ್ಲ, ಹೊರಗಿದ್ದವು. ಕಟ್ಟೆಯ ಮೇಲೆ ಕುಳಿತು ಮೊಮ್ಮಗಳನ್ನು ಕೂಗಿ, "ಆ ಗುಳಿಗಿ, ನೀರು ತಾ ತಂಗೀ" ಎಂದಳು.